ನೀರಿಗೆ ಹೇಳಿದ ಯೆರಾಜ್

ನನ್ನ ತಲೆ ನೆಟ್ಟಗಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಳೆದ ಚಳಿಗಾಲದಲ್ಲಿ ಇಷ್ಟು ಸಣ್ಣ ಸಂಗತಿಯನ್ನು ಹೆತ್ತ ಮಗನಿಗೂ ಒಬ್ಬ ಡಾಕ್ಟರಿಗೂ ಸಾಬೀತು ಮಾಡಿ ತೋರಿಸುವ ಪ್ರಸಂಗ ನನಗೆ ಬಂತು. ಜರ್ಸಿ ಸಿಟಿಯಲ್ಲಿರುವ ನನ್ನ ಈ ಎರಡು ಕೋಣೆಯ ಮನೆಯನ್ನು ಮಾರಿಸಿ, ನನ್ನನ್ನು ಬ್ರಿಡ್ಜ್‌ವಾಟರಿನ ತನ್ನ ಮನೆಯ ಬೇಸ್‌ಮೆಂಟಿಗೆ ಸಾಗಿಸಲು ಮಗರಾಯ ಸಿದ್ಧನಾಗಿ ನಿಂತಿದ್ದ. ಬರೀ ಬೇಸ್‌ಮೆಂಟ್ ಎಂದರೆ ಅವನಿಗೆ ಸಿಟ್ಟು ಬರುತ್ತದೆ. “ಫಿನಿಶ್ಡ್ ಬೇಸ್‌ಮೆಂಟ್ ಅಮ್ಮಾ, ಫುಲ್ ಬಾತ್ ಇದೆ” ಎನ್ನುತ್ತಾನೆ. ಇರಬಹುದು. ಆದರೆ ಅಲ್ಲಿಂದ ಒಂದು ಕಟ್ಟು ಕೊತ್ತಂಬರಿ ತರಬೇಕೆಂದರೂ ಯಾರಾದರೂ ಕಾರು ತೆಗೆಯಬೇಕು.

ನಾವು ಈ ಮನೆಗೆ ಬಂದಾಗ ಅವನಿನ್ನೂ ಹೈಸ್ಕೂಲಿನಲ್ಲಿದ್ದ. ನಾನೂ ನನ್ನ ಗಂಡನೂ ಇಲ್ಲಿಂದಲೇ ಟ್ರೇನು ಹಿಡಿದು ಕೆಲಸಕ್ಕೆ ಹೋದವರು. ಟೆಲಿಫೋನ್ ಎಕ್ಸ್‌ಚೇಂಜುಗಳ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಆ ಚಾಳಿ ಬಿಟ್ಟಿಲ್ಲ ಎಂದು ಮಗ ದೂರುತ್ತಾನೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದೇನೆ. ನಡೆದರೆ ತರಕಾರಿ ಅಂಗಡಿ ಸಿಗುತ್ತದೆ, ಬಸ್ಸು ಹತ್ತಿದರೆ ಹೋಬೋಕನ್, ಮನಸ್ಸು ಬಂದರೆ ಅಲ್ಲಿಂದ ಫೆರಿ ಹತ್ತಿ ಹೊಳೆ ದಾಟಿ ಸುಮ್ಮನೆ ವಾಪಸು ಬರಬಹುದು. ಹಿಮ ಬಿದ್ದ ಮರುದಿನವೂ ಯಾರಿಗೂ ಫೋನು ಮಾಡದೆ ನಾನು ಹಾಲು ತರಬಲ್ಲೆ. ನನಗೆ ಬೇಕಾದ ಸ್ವಾತಂತ್ರ್ಯ ಇಷ್ಟೇ. ಇಷ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಡುವವಳಲ್ಲ ನಾನು.

ಈ ಕಥೆಗೆಲ್ಲ ಕಾರಣ ನಮ್ಮ ಕಟ್ಟಡದ ನೆಲಮಾಳಿಗೆಯ ಲಾಂಡ್ರಿ ರೂಮು. ನಾನು ಬಟ್ಟೆ ಹಾಕಲು ಹೋಗುವ ಹೊತ್ತಿಗೇ ಕೆಳಗಿನ ಮಹಡಿಯ ಹೆಂಗಸೊಬ್ಬರು ಬರುತ್ತಿದ್ದರು. ಅರ್ಮೇನಿಯದವರು, ಆದರೆ ಹುಟ್ಟಿದ್ದು ಬೈರೂತಿನಲ್ಲಿ. ಅವರ ಅಜ್ಜ ಅಜ್ಜಿ ತುರ್ಕಿಯ ನರಮೇಧದಿಂದ ತಪ್ಪಿಸಿಕೊಂಡು, ಊರು ಬಿಟ್ಟು ಓಡಿ ಬಂದು ಅಲ್ಲಿ ನೆಲೆ ನಿಂತವರು, ಈಕೆ ಅಲ್ಲಿಂದ ಹೊರಟು ಇಲ್ಲಿಗೆ ಬಂದವರು. ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ಎಷ್ಟೋ ವರ್ಷ ಪ್ರತಿ ಶನಿವಾರ ಮಕ್ಕಳಿಗೆ ಅರ್ಮೇನಿಯನ್ ಭಾಷೆ ಕಲಿಸಿದ್ದರಂತೆ. ನಾನೂ ಭಾನುವಾರಗಳಂದು ಕನ್ನಡ ಕಲಿಸಿದವಳೇ. ಇಬ್ಬರ ಮಕ್ಕಳೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವರು. ಸ್ನೇಹವಾಗಲು ಇಷ್ಟು ಸಾಕಾಯಿತು.

ಒಂದು ದಿನ ಡ್ರೈಯರಿನಿಂದ ಬೆಡ್‌ಶೀಟು ತೆಗೆಯುತ್ತಾ ಆಕೆ, “ಇವತ್ತು ಬೆಳಗಿನ ಜಾವ ಒಂದು ಕನಸು ನೋಡಿದೆ” ಎಂದರು. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ. ಆದರೆ ಈ ಊರಿನವರು ಯಾರೂ ಹೀಗೆ ಹೇಳುವುದಿಲ್ಲ. ಅವರು “ಐ ಹ್ಯಾಡ್ ಎ ಡ್ರೀಮ್” ಎನ್ನುತ್ತಾರೆ, ಕನಸನ್ನು ಕಣ್ಣಿಂದ ನೋಡುವುದು ನಾವು. ಎರಡು ದಶಕದಿಂದ ನನ್ನ ಇಂಗ್ಲಿಷಿನಲ್ಲಿ ಮಗ ತಿದ್ದುತ್ತಾ ಬಂದಿದ್ದ ವಾಕ್ಯವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದುಕೊಂಡು, ಪೂರ್ತಿ ಹೇಳಿ ಎಂದೆ.

ಹೇಳಿದರು. ಏನೋ ಬಾದಾಮಿ ಮರ, ಅದರ ಕೆಳಗೆ ಸತ್ತುಹೋದ ಅಕ್ಕ, ನಗುತ್ತಿದ್ದಳು. ಮುಗಿಸಿದ ಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನು ಏನೋ ಬಾಕಿ ಉಳಿಸಿಕೊಂಡಿದ್ದೇನೆ ಎಂಬ ಹಾಗೆ. “ನೀನೀಗ ಪರಿ ಎಲ್ಲಾ ಅನ್ನಬೇಕು” ಎಂದರು. ಒಳ್ಳೆಯದಾಗಲಿ ಎಂದು ಅದರ ಅರ್ಥ. ಕನಸು ಕೇಳಿಸಿಕೊಂಡವರು ಹಾಗೆ ಹೇಳದಿದ್ದರೆ ಕನಸು ಅರ್ಧಕ್ಕೆ ನಿಂತುಬಿಡುತ್ತದಂತೆ. ನಾನು ಹೇಳಿದೆ. ನನ್ನ ಉಚ್ಚಾರಣೆಗೆ ನಕ್ಕರು, ಆದರೆ ಒಪ್ಪಿಕೊಂಡರು.

ಅವತ್ತು ಕಲಿತ ಪದ ಯೆರಾಜ್. ಕನಸು. ಬಾಯಲ್ಲಿ ಇಟ್ಟುಕೊಳ್ಳಲು ಚೆನ್ನಾಗಿದೆ ಎನ್ನಿಸಿ ಅದರ ಮೂಲ ಯಾವುದೆಂದು ಕೇಳಿದೆ. ಮೇಷ್ಟರಿಗೆ ಇಂಥ ಪ್ರಶ್ನೆ ಕೇಳಿದರೆ ಆಯಿತಲ್ಲ, ಬಟ್ಟೆ ಒಣಗಿ ಮಡಿಸಿ ಮುಗಿದರೂ ಪಾಠ ಮುಗಿಯಲಿಲ್ಲ.

“ಅದು ಎಲ್ಲಿಂದ ಬಂತು ಅಂತ ಪಂಡಿತರಲ್ಲೇ ಒಮ್ಮತ ಇಲ್ಲ. ನಮ್ಮಲ್ಲಿ ಕನಸಿಗೆ ಇನ್ನೊಂದು ಹಳೆಯ ಪದ ಇದೆ, ಅನುರ್ಜ್. ಅದು ಗ್ರೀಕರ ಕನಸಿನ ಪದಕ್ಕೆ ನೆಂಟ. ಮನೆತನ ಗೊತ್ತು, ವಂಶ ಗೊತ್ತು. ಆದರೆ ಅದನ್ನು ಬಳಸೋದು ಪದ್ಯ ಬರೆಯುವವರು. ಹಾಸಿಗೆಯಿಂದ ಎದ್ದವರ ಬಾಯಿಗೆ ಬರೋದು ಯೆರಾಜ್.”

“ಅದರ ತಂದೆ ತಾಯಿ ಯಾರೂ ಗೊತ್ತಿಲ್ವಾ ಹಾಗಾದರೆ?”

“ಇಲ್ಲ. ಒಳ್ಳೆಯದೇ ಆಯಿತು. ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅಲ್ಲಿಗೆ ವಾಪಸು ಕಳಿಸಬೇಕು ಅನ್ನೋರು ಹುಟ್ಟಿಕೊಳ್ತಾರೆ.”

ಆಕೆಯೇ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಆ ವಾರವೆಲ್ಲ ಬಿಡಲಿಲ್ಲ. ಅವರ ಭಾಷೆಯಲ್ಲಿ ನಿದ್ದೆಗೆ ಕುನ್ ಎನ್ನುತ್ತಾರೆ. ಆ ಕುನ್ ಮತ್ತು ಸಂಸ್ಕೃತದ ಸ್ವಪ್ನ ಒಂದೇ ಹಳೆಯ ಬೇರಿನವು ಎಂದು ಬಲ್ಲವರು ಹೇಳುತ್ತಾರಂತೆ. ಕೇಳಿದರೆ ಒಂದಕ್ಕೊಂದು ಗುರುತೇ ಸಿಗುವುದಿಲ್ಲ. ನಮ್ಮಲ್ಲೂ ಸ್ವಪ್ನ ಪುಸ್ತಕದ ಮಾತು. ಬೆಳಗ್ಗೆ ಎದ್ದು “ನಂಗೊಂದು ಸ್ವಪ್ನ ಬಿತ್ತು” ಎಂದರೆ ಮನೆಯವರೆಲ್ಲ ನಕ್ಕುಬಿಡುತ್ತಾರೆ. ಬೀಳುವುದು ಕನಸೇ. ನಮ್ಮ ಕನಸಿಗೂ ಕಣ್ಣಿಗೂ ಏನೋ ನಂಟಿದೆ ಎಂದು ನಾನು ಆಕೆಗೆ ವಾದ ಮಾಡಿ ಹೇಳಿದೆ. ಅದಕ್ಕೆ ನನ್ನ ಹತ್ತಿರ ಆಧಾರವೇನಿಲ್ಲ, ನನಗೆ ಹಾಗೆ ಅನ್ನಿಸುತ್ತದೆ, ಅಷ್ಟೇ. ಮನೆ ಕೊಳ್ಳಬೇಕು, ಮಕ್ಕಳು ಡಾಕ್ಟರಾಗಬೇಕು ಎನ್ನುವ ಥರದ ಆಸೆಗೆ ಅವರು ಯೆರಾಜಿಗೇ ಒಂದು ಬಾಲ ಸೇರಿಸಿ ಯೆರಾಜಾಂಕ್ ಎನ್ನುತ್ತಾರಂತೆ. ಯೆರಾಜ್ ಎಂದರೆ ನಾವು ಕರೆಯದೆ ಬರುವಂಥದ್ದು. ಈ ದೇಶದಲ್ಲಿ ಎರಡಕ್ಕೂ ಡ್ರೀಮ್ ಎಂದು ಒಂದೇ ಹೆಸರಿಟ್ಟು, ಕರೆಯದೆ ಬರುವುದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಹೀಗೆ ನಮ್ಮಿಬ್ಬರಲ್ಲಿ ಕನಸು ಹೇಳಿಕೊಳ್ಳುವ ರೂಢಿ ಬೆಳೆಯಿತು. ಗಂಡನಿದ್ದಾಗ ಅವರಿಗೆ ಹೇಳುತ್ತಿದ್ದೆ. ಪೇಪರಿನಿಂದ ತಲೆ ಎತ್ತದೆ “ಹೂಂ” ಎನ್ನುತ್ತಿದ್ದರು, ಆದರೂ ಕೇಳಿಸಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಬೆಳಗ್ಗೆ ಎದ್ದು ಕನಸು ಹೇಳಲು ಯಾರೂ ಇಲ್ಲದಿರುವುದು ಎಂಥ ಒಂಟಿತನ ಎಂದು ನನಗೆ ತಿಳಿಯಿತು. ಊಟ ಒಬ್ಬಳೇ ಮಾಡಬಹುದು, ಟೀವಿ ಒಬ್ಬಳೇ ನೋಡಬಹುದು. ಕನಸಿಗೆ ಮಾತ್ರ ಇನ್ನೊಬ್ಬರು ಬೇಕು.

ಆದರೆ ಕೆಟ್ಟ ಕನಸಿನ ಕಾನೂನು ಬೇರೆ. ಅದನ್ನು ಮನುಷ್ಯರಿಗೆ ಹೇಳಬಾರದು. ಎದ್ದ ಕೂಡಲೇ, ಯಾರೊಡನೆಯೂ ಮಾತಾಡುವ ಮೊದಲು, ಹರಿಯುವ ನೀರಿಗೆ ಹೇಳಿಬಿಡಬೇಕು, ನೀರು ತೆಗೆದುಕೊಂಡು ಹೋಗುತ್ತದೆ ಎಂದರು ಆಕೆ. ನನಗೆ ಇದು ಹೊಸದೆನ್ನಿಸಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜಿ ಕೆಟ್ಟ ಕನಸು ಬಿದ್ದರೆ ನೇರ ಬಚ್ಚಲಮನೆಗೆ ಹೋಗಿ ಹಂಡೆಯ ಒಲೆಯ ಮುಂದೆ ಕೂತು ಪಿಸುಗುಟ್ಟಿ ಬರುತ್ತಿದ್ದಳು. ಏನಜ್ಜಿ ಎಂದರೆ “ನಿಂಗಲ್ಲ, ಬೆಂಕಿಗೆ ಹೇಳಿದ್ದು” ಎನ್ನುತ್ತಿದ್ದಳು. ಇಲ್ಲಿ ಮನೆಯೊಳಗೆ ಬೆಂಕಿ ಹಾಕಿದರೆ ಸ್ಮೋಕ್ ಅಲಾರಂ ಕೂಗಿ ಅಗ್ನಿಶಾಮಕದವರೇ ಬರುತ್ತಾರೆ. ನಲ್ಲಿ ವಾಸಿ.

ನಂಬುತ್ತೀಯಾ ಎಂದು ಯಾರಾದರೂ ಕೇಳಬಹುದು. ಕಾರಿನಲ್ಲಿ ಕೂತು ಸೀಟ್‌ಬೆಲ್ಟ್ ಹಾಕಿಕೊಳ್ಳುವುದು ನಂಬಿಕೆಯಿಂದಲೇ? ಹಾಕಿಕೊಳ್ಳುತ್ತೇವೆ, ಅಷ್ಟೇ.

ಡಿಸೆಂಬರಿನಲ್ಲಿ ನನಗೆ ಒಂದು ಕೆಟ್ಟ ಕನಸು ಬೀಳಲು ಶುರುವಾಯಿತು. ಮಗನ ಬಗ್ಗೆ. ಆಗಾಗ ಅದೇ ಕನಸು, ಅದೇ ಜಾಗ. ಅದರಲ್ಲಿ ಏನಾಗುತ್ತದೆಂದು ಇಲ್ಲಿಯೂ ಬರೆಯುವುದಿಲ್ಲ, ಓದುವವರು ಕ್ಷಮಿಸದಿದ್ದರೂ ಚಿಂತೆಯಿಲ್ಲ. ಅದು ಬಿದ್ದ ದಿನವೆಲ್ಲ ಬೆಳಗ್ಗೆ ಎದ್ದವಳೇ ಅಡುಗೆಮನೆಗೆ ಹೋಗಿ, ನಲ್ಲಿಯನ್ನು ಜೋರಾಗಿ ತಿರುಗಿಸಿ, ಸಿಂಕಿನ ಮೇಲೆ ಬಗ್ಗಿ, ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದೆ. ಮುಗಿದ ಮೇಲೆ ಮುಖ ತೊಳೆದುಕೊಂಡು ಕಾಫಿಗೆ ಇಡುತ್ತಿದ್ದೆ. ಎದೆ ಹಗುರಾಗುತ್ತಿತ್ತು.

ಅಡುಗೆಮನೆಯ ಮೂಲೆಯಲ್ಲಿ ಕ್ಯಾಮೆರಾ ಇದೆಯೆಂಬುದೇ ನನಗೆ ಮರೆತುಹೋಗಿತ್ತು. ನಾನು ಒಬ್ಬಳೇ ಇದ್ದೇನೆಂದು, ಬಿದ್ದುಗಿದ್ದರೆ ಗೊತ್ತಾಗಲಿ ಎಂದು ಮಗ ಹಾಕಿಸಿದ್ದು. ಅವನು ಆಫೀಸಿನಲ್ಲಿ ಕೂತು ಫೋನಿನಲ್ಲಿ ನೋಡುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ಒಂದು ಶನಿವಾರ ಬಂದವನು ಶೂ ಕೂಡ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತ.

“ಅಮ್ಮಾ, ಡೋಂಟ್ ಗೆಟ್ ಮ್ಯಾಡ್, ಓಕೆ? ಇದೇನು ಅಂತ ಹೇಳು.”

ಫೋನಿನ ಪರದೆಯಲ್ಲಿ ನಾನು. ನೈಟಿ, ಕೆದರಿದ ಜಡೆ, ನಲ್ಲಿಯ ಮುಂದೆ ಬಗ್ಗಿಕೊಂಡು ಕೈ ಆಡಿಸಿ ಮಾತಾಡುತ್ತಿದ್ದೇನೆ. ನೀರಿನ ಸದ್ದಿನಲ್ಲಿ ಮಾತು ಒಂದೂ ಕೇಳುತ್ತಿಲ್ಲ. ಬೆರಳು ಸರಿಸಿದ. ಇನ್ನೊಂದು ಬೆಳಗ್ಗೆ, ಅದೇ ನೈಟಿ. ಇನ್ನೊಂದು. ನನಗೇ ನೋಡಲು ಒಂಥರಾ ಆಯಿತು ಎನ್ನುವುದು ನಿಜ.

“ಯಾರ ಹತ್ರ ಮಾತಾಡ್ತಿದೀಯಾ?”

“ನೀರಿನ ಹತ್ರ.”

ಅವನ ಮುಖ ಬಿಳಿಚಿಕೊಂಡಿತು. ನನಗೆ ಅದು ನೇರವಾದ ಉತ್ತರ, ಅವನಿಗೆ ಅದು ರೋಗದ ಲಕ್ಷಣ. ಕೆಟ್ಟ ಕನಸು ಬಿದ್ದರೆ ಹಾಗೆ ಮಾಡಬೇಕು ಎಂದು ವಿವರಿಸಿದೆ. ಯೆರಾಜ್ ಎಂದೆ, ಅಜ್ಜಿಯ ಒಲೆ ಎಂದೆ. ಹೇಳಿದಷ್ಟೂ ಕೆಡುತ್ತಾ ಹೋಯಿತು. “ಯು ನೆವರ್ ಡಿಡ್ ದಿಸ್ ಬಿಫೋರ್. ಅಪ್ಪ ಇದ್ದಾಗ ಇದೆಲ್ಲ ಇರ್ಲಿಲ್ಲ” ಎಂದ. ಕೊನೆಗೆ ಒಂದು ದಾರಿ ಬಿಟ್ಟುಕೊಟ್ಟ. “ಸರಿ, ಏನು ಕನಸು ಅಂತ ಹೇಳು. ಏನು ಹೇಳ್ತಿದೀಯಾ ಅಂತ ಗೊತ್ತಾದ್ರೆ ಐ ವಿಲ್ ಡ್ರಾಪ್ ಇಟ್.”

“ಹೇಳಲ್ಲ.”

“ವೈ?”

“ಹೇಳ್ಬಾರ್ದು ಅಂತಾನೇ ನೀರಿಗೆ ಹೇಳೋದು ಕಣೋ!”

ಹೇಳಿಬಿಟ್ಟಿದ್ದರೆ ಅವತ್ತೇ ಮುಗಿಯುತ್ತಿತ್ತು. ಮನೆ ಉಳಿಯುತ್ತಿತ್ತು. ಆದರೆ ಅವನ ಬಗ್ಗೆ ನಾನು ಕಂಡದ್ದನ್ನು ಅವನ ಮುಖ ನೋಡಿಕೊಂಡು ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ. ಮನೆಯನ್ನು ಉಳಿಸಿಕೊಳ್ಳಲೂ ಹೊರಳುವುದಿಲ್ಲ.

ಡಾಕ್ಟರ ಬಳಿ ಕರೆದುಕೊಂಡು ಹೋದ. ಬರುವುದಿಲ್ಲವೆಂದು ಹಠ ಹಿಡಿಯಬಹುದಿತ್ತು, ಆದರೆ ಹೆದರಿದ್ದಾಳೆ ಎಂದುಕೊಳ್ಳಲಿಕ್ಕೆ ಅವಕಾಶ ಕೊಡುವುದು ನನಗೆ ಬೇಕಿರಲಿಲ್ಲ. ಡಾಕ್ಟರಮ್ಮ ನನ್ನ ಮಗನಿಗಿಂತ ಚಿಕ್ಕವಳು, ನಯವಾದ ಹುಡುಗಿ. ಗಡಿಯಾರದ ಚಿತ್ರ ಬರೆಯಿರಿ ಎಂದಳು. ಬರೆದೆ, ಸೆಕೆಂಡಿನ ಮುಳ್ಳನ್ನೂ ಸೇರಿಸಿ. ಕೆಲವು ಪದಗಳನ್ನು ಹೇಳಿ ಸ್ವಲ್ಪ ಹೊತ್ತಿನ ನಂತರ ಕೇಳಿದಳು. ಹೇಳಿದ ಕ್ರಮದಲ್ಲೂ ಹೇಳಿದೆ, ಹಿಂದಿನಿಂದಲೂ ಹೇಳಿದೆ. ಹಿಂದಿನಿಂದ ಬೇಕಿರಲಿಲ್ಲ ಎಂದಳು. ಆಮೇಲೆ ಮಗನ ಕಡೆ ಒಮ್ಮೆ ನೋಡಿ, ಮೆಲ್ಲನೆ ಕೇಳಿದಳು, “ನೀವು ಮಾತಾಡಿದಾಗ ನೀರು ನಿಮಗೆ ಉತ್ತರ ಕೊಡುತ್ತದೆಯೇ?”

“ಇಲ್ಲ. ಅದು ನನ್ನ ಮಗನ ಹಾಗಲ್ಲ, ಎದುರು ಮಾತಾಡುವುದಿಲ್ಲ” ಎಂದೆ.

ಹುಡುಗಿ ನಕ್ಕಳು. ಮಗ ನಗಲಿಲ್ಲ. ಚಿಂತೆಪಡುವಂಥದ್ದು ಏನೂ ಕಾಣುತ್ತಿಲ್ಲ ಎಂದು ಅವಳು ಹೇಳಿದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಕಾರು ಟರ್ನ್‌ಪೈಕ್ ಹೆದ್ದಾರಿಗೆ ಸೇರುವಾಗ, ಮರೆವಿನ ರೋಗ ಆರಂಭದಲ್ಲಿ ಟೆಸ್ಟಿಗೆ ಸಿಗುವುದಿಲ್ಲವಂತೆ, ತಾನು ಓದಿದ್ದೇನೆ ಎಂದ. ಓದಿದ ಮಕ್ಕಳನ್ನು ಹೆತ್ತದ್ದಕ್ಕೆ ಇಷ್ಟಾದರೂ ಆಗಬೇಕಲ್ಲ. ಮನೆಯನ್ನು ನೋಡಲು ಮನೆ ಮಾರಿಸುವ ದಲ್ಲಾಳಿ, ರಿಯಲ್ಟರ್ ಒಬ್ಬ ಬರುತ್ತಾನೆ, “ಜಸ್ಟ್ ಟು ಲುಕ್” ಎಂದೂ ಸೇರಿಸಿದ. ಗಂಡ ಹೋದ ಮೇಲೆ ಮನೆ ನನ್ನ ಮತ್ತು ಮಗನ ಹೆಸರಿನಲ್ಲಿದೆ. ನನ್ನ ಸಹಿ ಇಲ್ಲದೆ ಅವನು ಮಾರಲಾರ. ಆದರೆ ದಿನಾ ಬಂದು ಹೆದರಿದ ಮುಖ ತೋರಿಸಿದರೆ ಯಾವ ತಾಯಿ ಎಷ್ಟು ದಿನ ತಡೆಯುತ್ತಾಳೆ? ಆ ಭಯ ನನಗಿತ್ತು. ಅವನ ಕೋಪಕ್ಕೆ ನಾನು ಹೆದರುವುದಿಲ್ಲ, ಅವನ ಪ್ರೀತಿಗೆ ಹೆದರುತ್ತೇನೆ.

ಲಾಂಡ್ರಿ ರೂಮಿನಲ್ಲಿ ಎಲ್ಲವನ್ನೂ ಗೆಳತಿಗೆ ಹೇಳಿಕೊಂಡೆ. ಆಕೆ ಆಶ್ಚರ್ಯಪಟ್ಟದ್ದು ಬೇರೆಯದಕ್ಕೆ. “ನೀರಿಗೆ ಅಂತ ನಿಜ ಹೇಳಿಬಿಟ್ಟೆಯಾ? ಪ್ರಾರ್ಥನೆ ಅನ್ನಬಾರದಿತ್ತಾ? ನಾನು ಸಿಂಕಿನ ಮುಂದೆ ದೇವರ ಪ್ರಾರ್ಥನೆ ಮಾಡ್ತೀನಿ ಅಂತಲೇ ನನ್ನ ಮಗಳು ನಂಬಿದ್ದಾಳೆ. ಬಂದವರಿಗೆಲ್ಲ ಹೆಮ್ಮೆಯಿಂದ ಹೇಳ್ತಾಳೆ.”

ನಾನು ದಂಗಾದೆ. ಎಷ್ಟು ಸುಲಭವಿತ್ತು! ವಿಷ್ಣು ಸಹಸ್ರನಾಮ ಹೇಳ್ತಿದ್ದೆ ಕಣೋ ಎಂದಿದ್ದರೆ ಮಗ ಎರಡನೇ ಮಾತಾಡುತ್ತಿರಲಿಲ್ಲ. ಬ್ರಿಡ್ಜ್‌ವಾಟರಿನ ದೇವಸ್ಥಾನದಲ್ಲಿ ಎಷ್ಟು ಆಂಟಿಯರು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ, ಕಲ್ಲಿನ ಜೊತೆ ಗಂಟೆಗಟ್ಟಲೆ ಮಾತಾಡುತ್ತಾರೆ, ಯಾರಿಗಾದರೂ ಗಡಿಯಾರ ಬರೆಸಿದ್ದಾರೆಯೇ? ಕಲ್ಲಿಗೆ ಬೇಡಿಕೊಂಡರೆ ಭಕ್ತಿ, ನೀರಿಗೆ ಹೇಳಿಕೊಂಡರೆ ಹುಚ್ಚು. ನನಗೆ ಸಿಟ್ಟು ನೆತ್ತಿಗೇರಿತು. ದೇವರ ಮೇಲಲ್ಲ, ಪಾಪ, ಅವನದೇನು ತಪ್ಪು. ಗೆಳತಿಯ ಮೇಲೆಯೇ ಹರಿಹಾಯ್ದೆ. ಅಷ್ಟೆಲ್ಲ ಅಭಿಮಾನದಿಂದ ಯೆರಾಜ್ ಎಂದು ಪಾಠ ಮಾಡಿದವರು, ಮನೆಯಲ್ಲಿ ಅದನ್ನು ಬಚ್ಚಿಟ್ಟುಕೊಂಡು ಬದುಕುತ್ತೀರಾ ಎಂದೆ.

ಆಕೆ ಮಡಿಸಿದ ಟವೆಲನ್ನು ಬುಟ್ಟಿಗೆ ಹಾಕಿದರು. “ನಮ್ಮವರು ಎಲ್ಲವನ್ನೂ ಬಚ್ಚಿಟ್ಟೇ ಉಳಿಸಿಕೊಂಡದ್ದು. ಹೆಸರು, ಭಾಷೆ, ಮಕ್ಕಳು. ನಿನಗೆ ಅದು ಗೊತ್ತಿಲ್ಲದಿದ್ದರೆ ಒಳ್ಳೆಯದು” ಎಂದು ಬುಟ್ಟಿ ಎತ್ತಿಕೊಂಡು ಹೋದರು.

ಮೇಲೆ ಬಂದು ಕೂತು ಯೋಚಿಸಿದೆ. ಬಚ್ಚಿಡದೆ ಗತಿಯಿಲ್ಲ ಎಂಬ ದಿನ ಆಕೆಯ ಮನೆಗೆ ಬಂದಿತ್ತು. ನನಗೆ ಬಂದಿಲ್ಲ. ನಾನು ಬಚ್ಚಿಟ್ಟರೆ ಅದು ಬರೀ ಹೇಡಿತನ. ಯಾರಿಗೆ ಹೆದರಿ? ನಾನು ಹೆತ್ತವನಿಗೆ. ಸಂಜೆ ಆಕೆಯ ಬಾಗಿಲು ತಟ್ಟಿ ಕ್ಷಮೆ ಕೇಳಿದೆ, ಆದರೆ ಪ್ರಾರ್ಥನೆ ಎಂದು ಮಾತ್ರ ಹೇಳುವುದಿಲ್ಲ ಎಂದೆ. “ಹಾಳಾಗಿ ಹೋಗು” ಎಂದು ನಗುತ್ತಾ ಒಳಗೆ ಕರೆದು ಕಾಫಿ ಕೊಟ್ಟರು.

ರಿಯಲ್ಟರ್ ಬರುವ ಭಾನುವಾರ ಮಗ ಮುಂಚೆಯೇ ಬಂದ. ಹಿಂದಿನ ಬೆಳಗ್ಗೆಯೂ ನಾನು ನಲ್ಲಿಯ ಮುಂದೆ ನಿಂತಿದ್ದನ್ನು ಕ್ಯಾಮೆರಾದಲ್ಲಿ ನೋಡಿದ್ದ. ಬೈಯಲು ಬಂದಿರಬೇಕೆಂದು ನಾನು ಸೆರಗು ಸಿಕ್ಕಿಸಿ ತಯಾರಾಗಿದ್ದೆ. ಆದರೆ ಅವನು ಅಡುಗೆಮನೆಯ ಬಾಗಿಲಲ್ಲಿ ಒರಗಿ ನಿಂತು, ಸೋತವನ ಧ್ವನಿಯಲ್ಲಿ, “ಅಮ್ಮಾ, ಇಸ್ ಇಟ್ ಲೈಕ್ ಅ ಶ್ಲೋಕ? ಹಾಗಾದ್ರೆ ಹಾಗಂತ ಹೇಳು. ಐ ಕ್ಯಾನ್ ಲಿವ್ ವಿತ್ ದಟ್” ಎಂದ.

ಅವನೇ ಬಾಗಿಲು ತೆಗೆದು ಹಿಡಿದಿದ್ದ. ಒಂದು ಹೂಂ ಸಾಕಿತ್ತು.

“ಶ್ಲೋಕ ಅಲ್ಲ” ಎಂದೆ. “ಕನಸು. ಕೆಟ್ಟ ಕನಸು. ಅದು ಬಿದ್ದಷ್ಟು ದಿನ ನೀರಿಗೆ ಹೇಳ್ತೀನಿ. ನಾಳೆ ಬಿದ್ರೆ ನಾಳೆನೂ ಹೇಳ್ತೀನಿ. ಕ್ಯಾಮೆರಾ ಬೇಕಾದ್ರೆ ಇನ್ನೊಂದು ಹಾಕ್ಸು, ಸಿಂಕಿನ ಮೇಲೇ ಹಾಕ್ಸು. ಮನೆ ಬಿಟ್ಟು ಬರಲ್ಲ. ಹುಚ್ಚು ಅಂತ ನೀನು ಊರಿಗೆಲ್ಲ ಹೇಳಿದ್ರೂ ಬರಲ್ಲ.”

ಬೈಗುಳಕ್ಕೆ ಕಾದೆ. ನನ್ನ ಮುಖವನ್ನೇ ನೋಡುತ್ತಿದ್ದ, ಚಿಕ್ಕವನಿದ್ದಾಗ ನನಗೆ ಜ್ವರ ಬಂದರೆ ನೋಡುತ್ತಿದ್ದ ಹಾಗೆ. ಆಮೇಲೆ, ಇಂಗ್ಲಿಷೆಲ್ಲ ಬಿಟ್ಟು, ತಡವರಿಸುತ್ತಾ ಕನ್ನಡದಲ್ಲೇ ಕೇಳಿದ.

“ಆ ಕನಸಲ್ಲಿ ಇರೋದು ನಾನಾ?”

ನನಗೆ ಸುಳ್ಳು ಹೇಳಲು ಬರುವುದಿಲ್ಲ. ನಿಜ ಹೇಳಲಾರೆ. ಒಲೆಯ ಕಡೆ ತಿರುಗಿ ಕಾಫಿಗೆ ನೀರಿಟ್ಟೆ.

“ಅಮ್ಮಾ. ಕೊನೇಲಿ ನಾನು... ಆಮ್ ಐ ಓಕೆ?”

ಅಲ್ಲಿಯವರೆಗೆ ಬಿಗಿಹಿಡಿದದ್ದು ಆಗ ಒಡೆಯಿತು. ಅಳುತ್ತಲೇ ಬೈದೆ. “ನಿಂತಿದೀಯಲ್ಲೋ ನನ್ನ ಮುಂದೆ! ಗುಂಡುಕಲ್ಲಿನ ಹಾಗೆ ನಿಂತಿದೀಯಾ, ಶೂ ಹಾಕ್ಕೊಂಡು ಅಡುಗೆಮನೇಲಿ! ನಾನು ಅಷ್ಟು ದಿನ ಬಗ್ಗಿ ಬಗ್ಗಿ ಹೇಳಿದ್ದು ಇನ್ಯಾತಕ್ಕೆ?”

ಅವನು ಬಗ್ಗಿ ಶೂ ಬಿಚ್ಚಿದ. ಬಿಚ್ಚಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದ. ಆ ಹೊತ್ತಿಗೆ ಕೆಳಗಿನ ಬಾಗಿಲಿನ ಬಜರ್ ಹೊಡೆಯಿತು. ರಿಯಲ್ಟರ್. ನಾನು ಹೋಗಿ ನಾಲ್ಕು ಮಾತು ಹೇಳಿಬಿಡೋಣವೆಂದು ಹೊರಟೆ. ಮಗ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿ, ತಾನೇ ಹೋಗಿ, ಕೆಳಗಿನವರೊಡನೆ ಮಾತಾಡುವ ಗೋಡೆಯ ಮೇಲಿನ ಇಂಟರ್‌ಕಾಮ್ ಗುಂಡಿ ಒತ್ತಿದ.

“ಸಾರಿ,” ಎಂದ, “ಮೈ ಮದರ್ ಲಿವ್ಸ್ ಹಿಯರ್.”